ಸಿಟ್ಟಲ್ಲ, ಸೆಡವು

ಸೆಡವು ಎಂದು ಬರೆದರೆ ಈ ಫೋನು ತಾನೇ ಸಡಗರ ಎಂದು ತಿದ್ದುತ್ತದೆ. ಪುಣ್ಯವಂತ ಫೋನು, ನಮ್ಮ ಯಜಮಾನರನ್ನು ನೋಡಿಲ್ಲ.

ಸಿಟ್ಟು ಬರುತ್ತದೆ, ಹೋಗುತ್ತದೆ. ಸೆಡವು ಒಳಗೇ ಕೂತು ಕಹಿಯಾಗುತ್ತದೆ. ಚಳಿಗೆ ಕೈಕಾಲು ಸೆಡೆತುಕೊಳ್ಳುತ್ತವಲ್ಲ, ಸೆಡವು ಹುಟ್ಟಿದ್ದು ಆ ಸೆಡೆಯಿಂದಲೇ ಎಂದು ನನ್ನ ಅಪ್ಪ ಹೇಳುತ್ತಿದ್ದರು. ಮನಸ್ಸು ಮರಗಟ್ಟಿ, ಮೈ ಬಾಗದಂತಾಗುವ ಸಿಟ್ಟು. ತೊಂಬತ್ತರ ದಶಕದಲ್ಲಿ ಅದನ್ನು ನನ್ನ ಮನೆಯಲ್ಲೇ ಕಂಡೆ.

ನಮ್ಮ ಅತ್ತೆ ಕೇಶ್ವಾಪುರದಲ್ಲಿ ಹಿರಿಯ ಮಗನ ಮನೆಯಲ್ಲಿ ತೀರಿಕೊಂಡಾಗ ಯಜಮಾನರು ಕೆಲಸದ ಮೇಲೆ ಮುಂಬೈಗೆ ಹೋಗಿದ್ದರು. ಸುದ್ದಿ ಮುಟ್ಟಿ, ಹೊರಟು, ಮರುದಿನ ಬಂದಿಳಿಯುವ ಹೊತ್ತಿಗೆ ಮಣ್ಣು ಮಾಡಿ ಮುಗಿದಿತ್ತು. ತಾಯಿಯ ಮುಖ ನೋಡಲು ಅಣ್ಣ ತನಗಾಗಿ ಕಾಯಲಿಲ್ಲ ಎಂಬುದು ಅವರೊಳಗೆ ನಿಂತುಬಿಟ್ಟಿತು. ಜಗಳವಾಡಲಿಲ್ಲ. ಮಾತು ಬಿಟ್ಟರು.

ದಸರೆಯ ಸಂಜೆ ನಮ್ಮಲ್ಲಿ ಕಿರಿಯರು ಹಿರಿಯರ ಮನೆಗೆ ಹೋಗಿ, ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳಬೇಕು. ವರ್ಷವೆಲ್ಲ ಮುಖ ತಿರುಗಿಸಿದವರೂ ಅಂದು ಹೋಗುತ್ತಾರೆ. ಯಜಮಾನರು ಅದೇ ಊರಿನ ವಿದ್ಯಾನಗರದ ನಮ್ಮ ಮನೆಯಿಂದ ನನ್ನನ್ನು ಸ್ಕೂಟರಿನಲ್ಲಿ ಕರೆತಂದು, ತಾವು ಅಣ್ಣನ ಗೇಟಿನ ಹೊರಗೇ ಕೂರುತ್ತಿದ್ದರು. ನಾನು ಒಳಗೆ ಹೋಗಿ ಭಾವನವರಿಗೆ ಎರಡು ಸಲ ನಮಸ್ಕರಿಸುತ್ತಿದ್ದೆ. "ಇದು ನಂದ್ರಿ. ಇದು ಹೊರಗ ಕುಂತಾರಲ್ಲ, ಅವರದ್ರಿ." ಭಾವ ನಗುತ್ತಿದ್ದರು. ಹೀಗೇ ಎಷ್ಟೋ ದಸರೆ ಕಳೆದವು.

ಒಂದು ದಸರೆ ಅವರು ನಗಲಿಲ್ಲ. ಎರಡನೆಯ ಸಲ ಬಾಗಲು ಹೋದವಳನ್ನು ತಡೆದರು.

"ಅವನ ಪಾಲಿಂದು ನೀ ತರಬ್ಯಾಡ ತಂಗಿ. ನಾನ ಹೋಗ್ತೇನಿ."

ನಾನು ಹಿಂದೆಯೇ ಹೋದೆ. ಬೀದಿಯಲ್ಲಿ, ಓಡಾಡುವ ಮಂದಿಯ ಎದುರು, ಆ ಹಿರಿಯರು ಬನ್ನಿ ಹಿಡಿದು ತಮ್ಮನ ಕಾಲಿಗೆ ಬಾಗಿದರು. ಯಜಮಾನರು ಗಾಬರಿಯಾಗಿ ಸ್ಕೂಟರಿನಿಂದ ಇಳಿದು ಅವರ ಎರಡೂ ಕೈ ಹಿಡಿದುಕೊಂಡರು.

"ಅವತ್ತ ಮಳಿ ಬರಾಕತ್ತಿತ್ತು," ಎಂದರು ಭಾವ. "ಹಿರ್ಯಾರು ಲಗೂ ಎತ್ರಿ ಅಂದ್ರು. ತಡೀರಿ, ನನ್ನ ತಮ್ಮ ಬರ್ಲಿ ಅನ್ನಾಕ ನನಗ ಬಾಯಿ ಬರಲಿಲ್ಲೋ."

ಯಜಮಾನರು ಹಿಡಿದ ಕೈ ಬಿಡಲಿಲ್ಲ. ಒಂದೇ ಮಾತು ಕೇಳಿದರು.

"ಅವ್ವಗ ಯಾವ ಸೀರಿ ಉಡಿಸಿದ್ರಿ, ಅಣ್ಣಾ?"

"ನೀ ತಂದು ಕೊಟ್ಟಿದ್ಯಲ್ಲ, ಇಳಕಲ್ ಸೀರಿ. ಮಡಿಕಿ ಸೈತ ಮುರದಿದ್ದಿಲ್ಲ. ನೀ ಮುಂಬೈಲಿಂದ ಬಂದಾಗ ಉಡ್ತೇನಿ ಅಂತ ಇಟ್ಟಿದ್ಲು."

ಯಜಮಾನರು ಸ್ಕೂಟರನ್ನು ಗೋಡೆಗೆ ತಾಗಿಸಿ ನಿಲ್ಲಿಸಿದರು. ಅಣ್ಣನ ಹಿಂದೆ ಗೇಟು ದಾಟಿ ಒಳಗೆ ನಡೆದರು.