ಬಿಟಾರಿಹೊ ಹೇಳಿದ ‘ನಾನು’

ಪ್ರಿಯರೇ, ಕೈಯ ಕೆಲಸವನ್ನು ತುಸು ಬದಿಗಿಟ್ಟು ಕಿವಿಗೊಡಿರಿ. ನಮ್ಮ ಕಬಾಲೆ ಬೆಟ್ಟಗಳಲ್ಲಿ ಬಾಳುತ್ತಿರುವ ಎರಿಯಾ ಬಿಟಾರಿಹೊ ಎಂಬ ಸಹೋದರನ ಸಂಗತಿಯಿದು.

ಮೂವತ್ತು ವರ್ಷ ಆತ ನ್ಯಾಯಾಲಯದಲ್ಲಿ ದುಭಾಷಿಯಾಗಿದ್ದ. ಆರೋಪಿ ನಮ್ಮ ಮಾತಿನಲ್ಲಿ ಹೇಳಿದ್ದನ್ನು ನ್ಯಾಯಾಧೀಶರಿಗೆ ಇಂಗ್ಲಿಷಿನಲ್ಲಿ ‘ನಾನು ಕೊಂದೆ’ ಎಂದೇ ಒಪ್ಪಿಸಬೇಕು. ‘ಇವನು ಕೊಂದನಂತೆ’ ಎನ್ನುವಂತಿಲ್ಲ. ಹೆಂಡತಿ ತೀರಿಕೊಂಡು, ನಿವೃತ್ತಿಯೂ ಆದ ಮೇಲೆ ಆತ ಒಂದು ಕೊಲೆಯ ಕಥೆ ಬರೆದ. ಹೊಲದ ಬದುವಿಗಾಗಿ ಅಣ್ಣನ ಜೋಳದ ಅಂಬಲಿಗೆ ವಿಷ ಬೆರೆಸಿದವನು ತಾನೇ ಹೇಳುವ ಕಥೆ. ಊರಿನ ರೇಡಿಯೋದಲ್ಲಿ ಅದನ್ನು ತನ್ನ ದನಿಯಲ್ಲೇ ಓದಿದ.

ನಮ್ಮ ಬುಧವಾರದ ಪ್ರಾರ್ಥನಾಕೂಟದಲ್ಲಿ ‘ನಾನು’ ಎಂದು ಎದ್ದು ನಿಂತವನು ತನ್ನ ಪಾಪವನ್ನೇ ಹೇಳುತ್ತಾನೆ. ಹೇಳಿ ಮುಗಿಸಿದೊಡನೆ ಎಲ್ಲರೂ ಹಾಡಿ ಅಪ್ಪಿಕೊಳ್ಳುತ್ತೇವೆ. ಆದುದರಿಂದ ಆ ವಾರದ ಕೂಟದಲ್ಲಿ, ಅದು ತನ್ನದೇ ಪಾಪವೆಂಬ ಉಳಿದ ಅರ್ಧವನ್ನೂ ಆತ ಹೇಳಲೆಂದು ಕಾದೆವು. ಅದು ಬರಿಯ ಕಥೆಯೆಂದ. ಆತನ ಅಣ್ಣ ಹಠಾತ್ತನೆ ಸತ್ತದ್ದಂತೂ ನಿಜ. ಕೂಟದ ಹಿರಿಯಳಾದ ಕೆಜಿಯಾಜ್ಜಿ, “ಅರ್ಧ ಒಗೆದ ಬಟ್ಟೆ ಹಾಕ್ಕೊಂಡು ದೇವರ ಮುಂದೆ ಬರ್ಬೇಡ ಮಗಾ,” ಎಂದುಬಿಟ್ಟಳು.

ಅಂದಿನಿಂದ ಆತನ ಹೊಸ್ತಿಲು ದಾಟುವವರಿಲ್ಲವಾದರು. ಬಿಟಾರಿಹೊ ಊಟಕ್ಕೆ ಕರೆದರೆ ಮನೆಯಲ್ಲೇ ಉಂಡು ಹೋಗಬೇಕೆಂದು ಹುಡುಗರು ನಕ್ಕರು. ಬುಧವಾರಗಳಂದು ನಮ್ಮ ಹಾಡು ಕಣಿವೆಯಾಚೆ ಕೇಳುವಾಗ, ಆತ ಬಾಗಿಲಲ್ಲಿ ಕುಳಿತು ತುಟಿಯಲ್ಲೇ ದನಿಗೂಡಿಸುತ್ತಿದ್ದನಂತೆ.

ಬೋಧಕನಾದ ನಾನು ಬುದ್ಧಿ ಹೇಳಹೋದೆ. ‘ನಾನು’ ಇರುವಲ್ಲೆಲ್ಲ ‘ಅವನು’ ಎಂದು ತಿದ್ದಿ ಮತ್ತೊಮ್ಮೆ ಓದಿದರೆ ಕೂಟ ನಿನ್ನನ್ನು ಸೇರಿಸಿಕೊಂಡೀತು ಎಂದೆ.

“ಬೋಧಕಣ್ಣ, ನೀನು ಕಥೆ ಕೇಳಿದ್ಯಾ?”

“ಇಲ್ಲಪ್ಪ. ಜನ ಹೇಳಿದ್ರು.”

“ಅವನು ಅಂದ್ರೆ ಕೇಳೋರು ಆಚೆ ನಿಂತು ಕಲ್ಲು ಹುಡುಕ್ತಾರೆ. ನಾನು ಅಂದ್ರೆ ಒಂದು ಗಳಿಗೆ ತಮ್ಮ ಕೈ ತಾವು ನೋಡ್ಕೋತಾರೆ. ಕೂಟ ಬೇಕು ನಂಗೆ, ತುಂಬಾ ಬೇಕು. ಆದ್ರೆ ಆ ‘ನಾನು’ ತೆಗೆದ್ರೆ ಕಥೇಲಿ ಉಳಿಯೋದು ಹೆಣ ಒಂದೇ.”

ಓದೆಂದೆ, ಓದಿದ. ಅಣ್ಣನ ಕೆಮ್ಮು ಕೇಳಿ ತಮ್ಮ ಒಳಗೊಳಗೇ ಹಿಗ್ಗುವ ಸಾಲು ಬಂದಾಗ ನಾನು ನನ್ನ ಕಾಲುಗಳನ್ನು ನೋಡಿಕೊಂಡೆ. ನನ್ನಣ್ಣ ಹಾಸಿಗೆ ಹಿಡಿದಿದ್ದಾಗ ನಾನೂ ಅವನ ಹೊಲವನ್ನು ಹೆಜ್ಜೆಯಿಂದ ಅಳೆದು ನೋಡಿದ್ದೆ.

ಮುಂದಿನ ಬುಧವಾರ ಎದ್ದು ನಿಂತು ಅದನ್ನು ಹೇಳಿದೆ. ಯಾರೂ ಹಾಡಲಿಲ್ಲ. ಕೆಜಿಯಾಜ್ಜಿ ಕೇಳಿದಳು: “ಇಷ್ಟು ವರ್ಷ ಇಲ್ಲದ್ದು, ಈಗ ನಿನ್ನ ಬಾಯಿ ಬಿಡಿಸಿದ್ದು ಯಾರು?”

ಬಿಟಾರಿಹೊನ ಕಥೆಯೆಂದೆ.

“ಹಾಗಾದ್ರೆ ನಡಿ. ನಾನೂ ಪೂರ್ತಿ ಕೇಳ್ಬೇಕು,” ಎಂದು ಊರುಗೋಲು ಹಿಡಿದಳು.

ನಾವಿಬ್ಬರೇ ಹೋದೆವು. ಉಳಿದವರು ಇನ್ನೂ ಬಂದಿಲ್ಲ.

ಪ್ರಿಯರೇ, ‘ಅವನು’ ಎಂದು ನೀವು ದೂರವಿಟ್ಟವನೊಬ್ಬ ನಿಮ್ಮೂರಲ್ಲೂ ಇರುವನು. ಇಂದೇ ಹೋಗಿ ಅವನ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಅವನ ಮಾತನ್ನು ಕೊನೆಯವರೆಗೂ ಕೇಳಿರಿ.