ಆರೋ ಗೆರೆಗೆ ತಾಗಿದ ಕಿರುಬೆರಳು

ಕೋವಿಡ್ ಕಳೆದು ಕೇರಂ ಪಂದ್ಯಾವಳಿಗಳು ಮತ್ತೆ ಶುರುವಾದ ವರ್ಷ ಅದು. ಚಿತ್ತಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾಗಿದ್ದ ನಾನು ವಾಡಿಯ ಒಂದು ಕ್ಲಬ್ಬಿನಲ್ಲಿ ಕೇರಂ ಕೋಚ್ ಆಗಿದ್ದೆ. ಸಂಜೆ ಐದೂವರೆಗೆ ಕ್ಲಬ್ಬಿನ ಬಾಗಿಲು ತೆರೆಯುತ್ತಿತ್ತು. ಐದು ನಿಮಿಷ ತಡವಾಗಿ ಬಂದವರು ಆ ದಿನ ಆಡುವಂತಿರಲಿಲ್ಲ, ನೋಡಬೇಕು ಅಷ್ಟೆ. ಮೊದಲ ಹತ್ತು ನಿಮಿಷ ಬೋರ್ಡ್ ಒರೆಸುವ ಕೆಲಸ. ವಾಡಿಯಲ್ಲಿ ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆಗೆ ಬೆರಳಿನಿಂದ ಹೆಸರು ಬರೆಯಬಹುದು, ಅಷ್ಟು ಸಿಮೆಂಟ್ ಧೂಳು. ಅದಾದ ಮೇಲೆ ಪೌಡರ್, ನಂತರ ಇಪ್ಪತ್ತು ನೇರ ಹೊಡೆತ, ಇಪ್ಪತ್ತು ಕಟ್, ಆಮೇಲಷ್ಟೇ ಆಟ.

ನಾನೂ ಒಂದು ಕಾಲಕ್ಕೆ ರಾಜ್ಯ ಚಾಂಪಿಯನ್. ಆಟ ಕಲಿತದ್ದು ಶಹಾಬಾದಿನಲ್ಲಿ, ಗಡಿಯಾರ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಕೇರಂ ಬೋರ್ಡಿನ ನಾಲ್ಕು ಮೂಲೆಗಳ ಬಳಿ ಬಾಣದಂಥ ಗೆರೆಗಳಿವೆ. ಅವಕ್ಕೆ ಆರೋ ಎನ್ನುತ್ತೇವೆ. ಸ್ಟ್ರೈಕರ್ ಹೊಡೆಯುವಾಗ ಕೈ ಆ ಗೆರೆಗೆ ತಾಗಿದರೆ ಫೌಲ್ ಎಂದು ಉಸ್ತಾದ್ ಹೇಳುತ್ತಿದ್ದರು. ಯಾರೂ ನೋಡದಿದ್ದರೂ ಆಡಿದವನೇ ಕೈ ಎತ್ತಿ ಒಪ್ಪಿಕೊಳ್ಳಬೇಕು, ಆಗಷ್ಟೇ ಗಳಿಸಿದ ಕಾಯಿಯನ್ನು ತಾನೇ ಪಾಕೆಟ್ಟಿನಿಂದ ತೆಗೆದು ಬೋರ್ಡಿನ ನಡುವೆ ಇಡಬೇಕು. ನನ್ನ ಶಿಷ್ಯರಿಗೂ ಅದನ್ನೇ ಕಲಿಸಿದೆ.

ಆ ಶಿಷ್ಯರಲ್ಲಿ ಫರ್ಜಾನಾ ಎಲ್ಲರಿಗಿಂತ ಮುಂದಿದ್ದಳು. ರಾವೂರಿನವಳು. ತಂದೆ ಮಹಬೂಬ್ ಸಾಬರು ಅಲ್ಲೇ ಕಲ್ಲಿನ ಪಾಲಿಶ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದರು. ಬೋರ್ಡಿನ ಮುಂದೆ ಎಷ್ಟು ಮೌನವೋ ಅದರಾಚೆ ಅಷ್ಟೇ ಮಾತಿನ ಹುಡುಗಿ.

"ಸರ್, ನಿಮ್ಮ ಗಡಿಯಾರ ಎರಡು ಮಿನಿಟ್ ಮುಂದ ಅದರಿ," ಎಂದು ಬಾಗಿಲಲ್ಲೇ ತಕರಾರು ತೆಗೆಯುತ್ತಿದ್ದಳು.

"ಗಡಿಯಾರ ಸರಿ ಅದ. ನೀನೇ ಹಿಂದ ಇದ್ದಿ. ಕುಂದ್ರು, ಬೋರ್ಡ್ ಒರಸು."

ರಾಜ್ಯ ತಂಡದ ಆಯ್ಕೆ ಪಂದ್ಯಗಳು ಹುಬ್ಬಳ್ಳಿಯಲ್ಲಿ ನಡೆಯುವುದಿತ್ತು. ಹೊರಡುವ ದಿನ ಮಹಬೂಬ್ ಸಾಬರು ಸ್ಟೇಷನ್ನಿಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದರು. "ಮಾಸ್ತರ, ಇಕಿಗಿ ಇದು ಕಡೀ ವರ್ಷ ನೋಡ್ರಿ. ಟೀಮಿನ್ಯಾಗ ಬಂದಳಂದ್ರ ಖೇಲ್ ಕೋಟಾದಾಗ ನೌಕರಿಗಿ ಅರ್ಜಿ ಹಾಕಬಹುದು. ಮುಂದಿನ ವರ್ಷ ನೌಕರಿ ಉಮರ್ ದಾಟ್ತದ." ನಾನು ಧೈರ್ಯ ಹೇಳಿದೆ. ಆಕೆಯ ಆಟದ ಮೇಲೆ ನನಗೆ ಅಷ್ಟು ಭರವಸೆ ಇತ್ತು.

ಭರವಸೆ ಸುಳ್ಳಾಗಲಿಲ್ಲ. ಎರಡು ದಿನ ಚೆನ್ನಾಗಿ ಆಡಿ, ತಂಡದಲ್ಲಿ ಉಳಿದಿದ್ದ ಒಂದೇ ಸ್ಥಾನದ ನಿರ್ಣಾಯಕ ಪಂದ್ಯಕ್ಕೆ ಬಂದಳು. ಮೂರನೆಯ ಗೇಮ್, ಎಂಟನೆಯ ಹಾಗೂ ಕೊನೆಯ ಬೋರ್ಡ್, ಅಂದರೆ ಕೊನೆಯ ಸುತ್ತು, ಅಂಕ ಸಮ. ಈ ಬೋರ್ಡ್ ಗೆದ್ದವರಿಗೆ ಸ್ಥಾನ. ಎದುರಾಳಿಯ ಕಾಯಿ ನಾಲ್ಕು ಉಳಿದಿದ್ದವು, ಫರ್ಜಾನಾಳದು ಎರಡು. ಎಡಕ್ಕೆ ಚಾಚಿ ಒಂದನ್ನು ಹೊಡೆದಳು, ಪಾಕೆಟ್ಟಿಗೆ ಬಿತ್ತು. ಇನ್ನೊಂದು ಪಾಕೆಟ್ಟಿನ ಬಾಯಲ್ಲೇ ಕುಳಿತಿತ್ತು, ಉಸಿರು ತಾಗಿದರೂ ಬೀಳುವಂತಿತ್ತು. ನಾನು ಪ್ರೇಕ್ಷಕರ ಸಾಲಿನಲ್ಲಿ ಬೆನ್ನು ಸಡಿಲಿಸಿ ಕುಳಿತೆ.

ಆಗ ಫರ್ಜಾನಾ ಕೈ ಎತ್ತಿದಳು. "ಫೌಲ್ ರೀ. ನನ್ನ ಬೆರಳು ಆರೋಕ ತಾಗೇದ."

ಅಂಪೈರ್ ಬಾಯಿ ತೆರೆಯುವುದರೊಳಗೆ ಆಕೆ ಪಾಕೆಟ್ಟಿನಿಂದ ಕಾಯಿ ತೆಗೆದು ನಡುವೆ ಇಟ್ಟಾಗಿತ್ತು.

ಪಂದ್ಯಾವಳಿಯ ನಿಯಮ ಪುಸ್ತಕದಲ್ಲಿ ಅದು ಫೌಲ್ ಅಲ್ಲ. ಕೈ ಆ ಗೆರೆಗೆ ತಾಗಬಹುದು, ಮೊಣಕೈ ಒಳಗೆ ಬರಬಾರದು ಅಷ್ಟೆ. ಉಸ್ತಾದರದು ಹೊಡೆತ ಹದವಾಗಲೆಂದು ಮಾಡಿಕೊಂಡ ಮನೆಯ ಪದ್ಧತಿ. ಇದು ನನಗೆ ಚಾಂಪಿಯನ್ ಆಗುವ ಮೊದಲೇ ಗೊತ್ತಿತ್ತು. ಶಿಷ್ಯರಿಗೆ ಹೇಳಿದರೆ ಸಡಿಲಾಗುತ್ತಾರೆಂದು ಹೇಳಿರಲಿಲ್ಲ.

ಅಂಪೈರ್ ಸಮಾಧಾನದಿಂದಲೇ ವಿವರಿಸಿದರು: "ಗೆರೆಗೆ ಕೈ ತಾಗಿದ್ದು ತಪ್ಪಲ್ಲಮ್ಮ. ಆದರೆ ಕೇಳದೆ ಕಾಯಿ ಮುಟ್ಟಿದ್ದು ತಪ್ಪು. ಸರದಿ ಹೋಯಿತು." ಪಂದ್ಯ ನಡೆಯುವಾಗ ಕೋಚ್ ಮಾತಾಡುವಂತಿಲ್ಲ. ಎದುರಾಳಿ ಅದೇ ಸರದಿಯಲ್ಲಿ ನಾಲ್ಕೂ ಕಾಯಿ ಹಾಕಿದಳು.

ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು, ಸೋತ ಫರ್ಜಾನಾಳಿಗೆ. ಎಂಥ ಪ್ರಾಮಾಣಿಕ ಹುಡುಗಿ ಎಂದು ಅಪರಿಚಿತರು ಬಂದು ನನ್ನ ಕೈ ಕುಲುಕಿದರು. ನಾನು ಕುಲುಕಿಸಿಕೊಂಡೆ.

ಮರಳುವ ರೈಲಿನಲ್ಲಿ ಆಕೆ ಕೇಳಿದಳು: "ಸರ್, ಅದು ತಪ್ಪಲ್ಲ ಅಂದ್ರಲ್ಲ ಅಂಪೈರ್, ಅವರಿಗಿ ರೂಲ್ ಗೊತ್ತಿಲ್ಲೇನ್ರಿ?"

"ಊರಿಗಿ ಹೋಗಿ ಮಾತಾಡೋಣ," ಎಂದೆ. ಮೂವತ್ತು ವರ್ಷ ಮಕ್ಕಳಿಗೆ ಸಮಯಪಾಲನೆ ಹೇಳಿಕೊಟ್ಟವನು ಸತ್ಯ ಹೇಳಲು ವಾಯಿದೆ ಕೇಳಿದೆ.

ಆ ಭಾನುವಾರವೇ ಕ್ಲಬ್ಬಿನವರು ಸನ್ಮಾನ ಇಟ್ಟುಕೊಂಡರು. ಫರ್ಜಾನಾಳಿಗೊಂದು ಶಾಲು, ನನಗೊಂದು ಶಾಲು. ಕ್ಲಬ್ಬಿನ ಅಧ್ಯಕ್ಷರು ಮೈಕಿನಲ್ಲಿ, "ಹುಡುಗಿ ಸೋತ್ರೂ ಮಾಸ್ತರ ಹೆಸರು ಉಳಿಸ್ಯಾಳ," ಎಂದರು. ಮುಂದಿನ ಸಾಲಿನಲ್ಲಿದ್ದ ಮಹಬೂಬ್ ಸಾಬರು ತಲೆಯಾಡಿಸಿ ನಗಲು ಪ್ರಯತ್ನಿಸಿದರು. ಆ ನಗು ನೋಡಿ ನನ್ನಿಂದ ಕೂರಲಾಗಲಿಲ್ಲ. ಮೈಕ್ ತೆಗೆದುಕೊಂಡು ಹೇಳಿದೆ: "ಅದು ಫೌಲ್ ಆಗಿರಲಿಲ್ಲ. ನನಗ ಮೊದಲೇ ಗೊತ್ತಿತ್ತು. ಪ್ರಾಕ್ಟೀಸಿನ ನಿಯಮ ಅದು, ಪಂದ್ಯದ್ದಲ್ಲ ಅಂತ ನಾನು ಈಕಿಗಿ ಹೇಳಲಿಲ್ಲ. ಸೋತದ್ದು ನನ್ನಿಂದ."

ಮಹಬೂಬ್ ಸಾಬರು ಎದ್ದು ನಿಂತರು. "ಮಾಸ್ತರ, ಒಂದ್ ಮಾತು ಮೊದಲ ಹೇಳಿದ್ರ ನಿಮ್ದೇನ್ ಹೋಗ್ತಿತ್ರಿ?" ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರವಾಗುತ್ತಿತ್ತು. ಫರ್ಜಾನಾ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು ತಂದೆಯ ಹಿಂದೆ ಹೊರಟಳು.

ಒಂಬತ್ತು ದಿನ ಬರಲಿಲ್ಲ. ಹತ್ತನೆಯ ದಿನ ಬಂದವಳು ಬೋರ್ಡಿನ ಹತ್ತಿರ ಹೋಗದೆ ನನ್ನ ಮುಂದೆ ಒಂದು ನೋಟ್‌ಬುಕ್ ಇಟ್ಟಳು.

"ನೀವು ಕಲ್ಸಿದ್ದೆಲ್ಲಾ ಬರೀರಿ ಸರ್. ಬುಕ್ಕಿಂದು ಒಂದ್ ಕಡಿ, ನಿಮ್ದು ಒಂದ್ ಕಡಿ."

ಬರೆದೆ. ಅರ್ಧ ತಾಸು ಹಿಡಿಯಿತು. ನನ್ನ ಕಡೆಗೆ ಏಳು ಬಂದವು. ಏಳಿವೆಯೆಂದು ನನಗೂ ಅಂದೇ ತಿಳಿದದ್ದು.

"ಇಷ್ಟೇನ್ರಿ? ಇನ್ನಾ ಒಳಗ ಇಟ್ಕೊಂಡೀರಿ?"

"ಇಷ್ಟೇ ಅವ."

ಒಂದೊಂದಾಗಿ ಓದಿದಳು. ಪೆನ್ನಿನಿಂದ ಮೂರಕ್ಕೆ ಗೀಟು ಎಳೆದಳು. "ಈ ನಾಲ್ಕು ಭಾಳ ಚಲೋ ಅವ, ಇರ್ಲಿ," ಎಂದು ಹೋಗಿ ಬೋರ್ಡ್ ಒರೆಸತೊಡಗಿದಳು. ನಾನು ಕ್ಷಮೆ ಕೇಳಿದೆ. "ಆಯ್ತ್ರಿ ಸರ್," ಎಂದಳು, ತಲೆ ಎತ್ತದೆ.

ಮರುವರ್ಷ ರಾಜ್ಯ ತಂಡದಲ್ಲಿ ಆಕೆಗೆ ಸ್ಥಾನ ಸಿಕ್ಕಿತು. ನೌಕರಿಯ ವಯಸ್ಸು ದಾಟಿತ್ತು. ಆ ಅವಕಾಶ ಮರಳಿ ಬರಲಿಲ್ಲ. ಮಹಬೂಬ್ ಸಾಬರು ಎದುರಾದಾಗ ಸಲಾಂ ಹೇಳುತ್ತಾರೆ, ನಿಲ್ಲುವುದಿಲ್ಲ. ಫರ್ಜಾನಾ ಹಗಲು ಶಹಾಬಾದಿನ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ, ಸಂಜೆ ನಮ್ಮ ಕ್ಲಬ್ಬಿನಲ್ಲಿ ಆಕೆಯೇ ಕೋಚ್. ನಾನು ಸುಮ್ಮನೆ ಕೂರಲಾರದೆ ಒಮ್ಮೊಮ್ಮೆ ಹೊಸ ಹುಡುಗಿಯರ ಆಟದಲ್ಲಿ ಏನಾದರೂ ತಿದ್ದಲು ಹೋಗುತ್ತೇನೆ.

ಶಿಸ್ತು ಎಂದರೆ ಹೇಳಿದಷ್ಟು ಮಾಡಿಸುವುದು ಎಂದು ನಾನು ಇಡೀ ಸೇವೆಯಲ್ಲಿ ನಂಬಿದ್ದೆ. ಯಾಕೆ ಮಾಡಬೇಕು, ಎಲ್ಲಿಯವರೆಗೆ ಮಾಡಬೇಕು ಎಂಬುದನ್ನು ತಿಳಿಸುವುದೂ ಅದೇ ಕೆಲಸದ ಭಾಗ. ಅದನ್ನು ಬಿಟ್ಟವನ ಬಳಿ ಎಷ್ಟು ಒಳ್ಳೆಯ ಶಿಷ್ಯರಿರುತ್ತಾರೋ ಅವರಿಗೆ ಅಷ್ಟೇ ದೊಡ್ಡ ಪೆಟ್ಟು, ಏಕೆಂದರೆ ಒಳ್ಳೆಯವರು ಹೇಳಿದ್ದನ್ನು ಪೂರಾ ಮಾಡುತ್ತಾರೆ. ಈಗಿನ ಹುಡುಗಿಯರು ಹಾಗಿಲ್ಲ. ನಾನು ಬಾಯಿ ತೆರೆದರೆ ಸಾಕು, ಸ್ಟ್ರೈಕರ್ ಕೆಳಗಿಟ್ಟು ಕೇಳುತ್ತಾರೆ: "ಅಜ್ಜಾರ, ಇದು ಬುಕ್ಕಿಂದೇನ್ರಿ, ನಿಮ್ದೇನ್ರಿ?" ಫರ್ಜಾನಾ ಆಚೆ ಬೋರ್ಡಿನಿಂದ ನನ್ನನ್ನೇ ನೋಡುತ್ತಿರುತ್ತಾಳೆ. ಉತ್ತರ ಹೇಳುವವರೆಗೂ ಯಾರೂ ಆಡುವುದಿಲ್ಲ.