ಉಯಂಗಾಳ ತಗ್ಗು

ತುಂಗಲಗ್‌ಗೆ ಇದ್ದದ್ದು ಒಂದೇ ರೋಗ, ಓರಗಿತ್ತಿ ಉಯಂಗಾ. ಮಾವ ಸಾಯುವ ಮೊದಲು ಗೋಬಿ ಮರುಭೂಮಿಯ ಅಂಚಿನ ಹುಲ್ಲುಗಾವಲಿಗೆ ತಂತಿ ಎಳೆಸಿ, ಹಿರಿಸೊಸೆ ಇವಳಿಗೆ ಕಲ್ಲುಗುಡ್ಡ, ಕಿರಿಸೊಸೆ ಉಯಂಗಾಳಿಗೆ ತಗ್ಗು ಅಂತ ಹಂಚಿಬಿಟ್ಟ. ಮೇಯಿಸಿ ಮೇಯಿಸಿ ಎರಡೂ ಬೋಳಾಗಿದ್ದವು. ಹುಲ್ಲು ಮತ್ತೆ ಚಿಗುರಲಿ ಅಂತ ಇಬ್ಬರೂ ಮಂದೆಯನ್ನು ಒಳಗೆ ಬಿಡದೆ, ಮೇವು ಕೊಂಡು ಹಾಕಿದರು.

ಅಷ್ಟರಲ್ಲಿ ಚಳಿಗೆ ಹಿಂದಿನ ಕಸುವು ಉಳಿದಿರಲಿಲ್ಲ. ಹಿಮ ಬಿದ್ದರೂ ನಿಲ್ಲದು, ನೆಲ ಬೇಗನೆ ಕಾಯುವುದು. ಉಯಂಗಾಳ ತಗ್ಗು ಹಚ್ಚಗೆ ತುಂಬಿಕೊಂಡಿತು. ಇವಳ ಗುಡ್ಡದಲ್ಲಿ ಅಲ್ಲೊಂದು ಇಲ್ಲೊಂದು ಒಣಕಲು ಕುಚ್ಚು. ಅಲ್ಲಿಯವರು ಹುಲ್ಲು ನೋಡುವುದೇ ಕುದುರೆಯ ಮೇಲಿಂದ. ಇಳಿದು ಮಣ್ಣಿಗೆ ಮೂಗು ಹಚ್ಚುವವನು ಕುದುರೆಯಿಲ್ಲದ ಬಡವ ಎಂಬ ಠೇಂಕಾರ. ತುಂಗಲಗ್ ಕೂಡ ಇಳಿಯಲಿಲ್ಲ. ಮೇಲಿಂದಲೇ ನೋಡಿ ಹೊಟ್ಟೆ ಉರಿಸಿಕೊಂಡಳು. ಉಯಂಗಾ ದಿನಾ ಗುದ್ದಲಿ ಹಿಡಿದು ತಗ್ಗಿನಲ್ಲಿ ಬಗ್ಗುವುದನ್ನು ಕಂಡು, ಮಹಾರಾಣಿ ಹುಲ್ಲಿಗೂ ತಲೆ ಬಾಚುತ್ತಾಳೆ ಅಂತ ಗಂಡನ ಮುಂದೆ ಆಡಿಕೊಂಡಳು. ಬಾಯಿಗೆ ಬೀಗ ಹಾಕು ಎಂದ ಅವನು.

ಆ ವಸಂತದಲ್ಲಿ ಉಯಂಗಾ ಕಾಯಿಲೆಯ ತಾಯಿಯನ್ನು ನೋಡಿಕೊಳ್ಳಲು ತವರಿಗೆ ಹೋದಳು. ತುಂಗಲಗ್ ತಂತಿ ಸಡಿಲಿಸಿ ತನ್ನ ಆಡುಗಳನ್ನು ತಗ್ಗಿಗೆ ನುಗ್ಗಿಸಿದಳು. ಎಲ್ಲಕ್ಕಿಂತ ಮುಂದೆ, ತನ್ನ ಮದುವೆಯಲ್ಲಿ ಅವ್ವ ಕೊಟ್ಟಿದ್ದ ಬಿಳಿ ಆಡು. ಮೊದಮೊದಲು ಎಲ್ಲವೂ ಕೊಬ್ಬಿದವು, ಇವಳಿಗೆ ಕಳ್ಳಸಂತೋಷ. ಆಮೇಲೆ ಬಿಳಿ ಆಡು ಬೇರೆ ಮೇವನ್ನು ಮೂಸಿಯೂ ನೋಡದಾಯಿತು. ತಲೆ ಅದುರಿತು, ಕಾಲು ತೊಡರಿತು. ಕೊನೆಗೆ ತನ್ನ ಮರಿಯನ್ನೇ ಗುರುತು ಹಿಡಿಯದೆ ದಾಟಿ ಹೋಯಿತು.

ತಿರುಗಿ ಬಂದ ಉಯಂಗಾ ತಗ್ಗಿನಲ್ಲಿ ತೂರಾಡುವ ಆಡುಗಳನ್ನು ಕಂಡಳು. ಬೈಯಲಿಲ್ಲ, ಕುಕ್ಕರಿಸಿ ಕೂತಳು.

"ಅಕ್ಕಾ, ಇದು ಹುಲ್ಲಲ್ಲ, ತಿಂದ ಆಡಿನ ತಲೆ ಕೆಡಿಸೋ ಹುಚ್ಚುಸೊಪ್ಪು. ಸೆಕೆ ಹೆಚ್ಚಿದಷ್ಟೂ ಇದೇ ಹಬ್ಬುತ್ತೆ. ಹುಲ್ಲಿಗೆ ಜಾಗಾನೇ ಬಿಡಲ್ಲ. ಕಿತ್ತು ಕಿತ್ತು ನನ್ನ ಕೈ ಸೋತೋಯ್ತು."

"ಮೊದಲೇ ಹೇಳೋಕೆ ಏನಾಗಿತ್ತೇ ನಿಂಗೆ?"

"ನಿನ್ನ ಮುಂದೆ ಹೇಗೆ ಹೇಳ್ಲಿ? ನಿನ್ನ ಗುಡ್ಡದ ಆ ಒಣಕಲು ಕುಚ್ಚೇ ಹಳೇ ಸೂಜಿಹುಲ್ಲು, ಅಸಲಿ ಮೇವು, ಮತ್ತೆ ಬೇರು ಬಿಟ್ಟಿದೆ. ಅದನ್ನ ನೋಡಿ ನೋಡಿ ನಂಗೆ ರಾತ್ರಿಯೆಲ್ಲಾ ನಿದ್ದೆ ಬರ್ತಿರ್ಲಿಲ್ಲ."

ಬಿಳಿ ಆಡು ಮಂಡಿಯೂರಿ ಬಿತ್ತು. ತುಂಗಲಗ್ ಅದರ ಕತ್ತು ತಬ್ಬಿ ಅತ್ತಳು, ಅತ್ತದ್ದು ಸುಳ್ಳಲ್ಲ. ಆದರೆ ಅಳುವುದಕ್ಕೂ ಮುಂಚೆ, ಓರಗಿತ್ತಿಗೆ ನಿದ್ದೆ ಬರುತ್ತಿರಲಿಲ್ಲವಂತೆ ಎಂದು ಅವಳಿಗೆ ಖುಷಿಯಾಗಿತ್ತು.